ಗೆರೆ ಬಿದ್ದರೆ ಮೊದಲು ಮನೆ, ಆಮೇಲೆ ಆಕಾಶ: ಕಾಸರಗೋಡಿನ ವಿ.ಎಲ್.ಎಫ್. ರಿಸೀವರಿನಲ್ಲಿ ದೋಷ ಹುಡುಕುವ ಬಗೆ

ಒಂದು ಮೀಟರ್ ಚೌಕದ ಲೂಪ್ ಆಂಟೆನಾ, ಅದಕ್ಕೊಂದು ಪ್ರೀ-ಆಂಪ್ಲಿಫೈಯರ್, ಅಲ್ಲಿಂದ ಹಳೇ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಒಂದು ಕೇಬಲ್. ದೂರದ ಕೇಂದ್ರಗಳು ಕಳಿಸುವ ವಿ.ಎಲ್.ಎಫ್., ಅಂದರೆ ಅತಿ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೋ ಅಲೆ, ನೆಲಕ್ಕೂ ಅಯಾನುಗೋಳಕ್ಕೂ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ವಲಯಕ್ಕೂ) ನಡುವೆ ಸಾಗಿ ಬರುತ್ತದೆ; ಅದರ ಬಲ ಹೊತ್ತಿನ ಜೊತೆ ಹೇಗೆ ಬದಲಾಗುತ್ತದೆ ಎಂದು ಲ್ಯಾಪ್‌ಟಾಪ್ ಒಂದು ಗೆರೆಯಾಗಿ ತೋರಿಸುತ್ತದೆ. ಅಯಾನುಗೋಳದ ಎಲ್ಲಕ್ಕಿಂತ ಕೆಳಗಿನ ಡಿ ಪದರದ ಏರುಪೇರು ನೋಡಲು ಇಷ್ಟು ಸಾಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಊರುಗಳ ಶಾಲೆ ಮನೆಗಳಲ್ಲೂ ಇದನ್ನು ಕಟ್ಟಬಹುದು. ಕಟ್ಟುವುದು ಕಷ್ಟವಲ್ಲ. ಕಟ್ಟಿದ ಎರಡು ತಿಂಗಳಿಗೆ "ಮಾಷ್ಟ್ರೇ, ಗೆರೆ ಬಿದ್ದಿದೆ" ಅಂತ ಮಕ್ಕಳು ಬಂದು ಹೇಳಿದಾಗ ಎಲ್ಲಿಂದ ಹುಡುಕುವುದು ಎನ್ನುವುದೇ ಕಷ್ಟ. ಅದಕ್ಕಾಗಿ ಈ ಬರಹ.

ಹುಡುಕುವ ಕ್ರಮದ ಬಗ್ಗೆ ನನ್ನದೊಂದು ಹಟವಿದೆ. ದೋಷ ಮೂರು ಕಡೆ ಇರಬಹುದು: ನಿಮ್ಮ ಮನೆಯಲ್ಲಿ, ದೂರದ ಪ್ರಸಾರ ಕೇಂದ್ರದಲ್ಲಿ, ಇಲ್ಲವೇ ಆಕಾಶದಲ್ಲಿ. ಹೆಚ್ಚಿನವರು ಆಕಾಶದಿಂದ ಶುರು ಮಾಡುತ್ತಾರೆ, ಸೂರ್ಯನಲ್ಲಿ ಏನೋ ಆಗಿರಬೇಕು ಎಂದು. ಅದು ತಲೆಕೆಳಗು. ಮನೆ ನಿರ್ದೋಷಿ ಎಂದು ಗೊತ್ತಾಗುವ ತನಕ ಸೂರ್ಯನ ಸುದ್ದಿ ಎತ್ತಬಾರದು.

ಎರಡು ಕೇಂದ್ರ ಹಿಡಿದಿಟ್ಟರೆ ಅರ್ಧ ಕೆಲಸ ಮುಗಿಯಿತು

ಕಾಸರಗೋಡಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ಸಿಗುವುದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನ ವಿ.ಟಿ.ಎಕ್ಸ್. ನೌಕಾಪಡೆಯ ಐ.ಎನ್.ಎಸ್. ಕಟ್ಟಬೊಮ್ಮನ್ ನೆಲೆಯದು, 1990ರಿಂದ ಇದೆ. ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವುದು ಅದರ ಕೆಲಸ. ನಾವು ಹಿಡಿಯುವುದು 18.2 ಕಿಲೋಹರ್ಟ್ಸ್. ನೇರ ದೂರ ಸುಮಾರು 550 ಕಿಲೋಮೀಟರ್. ಎರಡನೆಯದು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಎಕ್ಸ್‌ಮೌತ್ ಪಕ್ಕದ ಎನ್.ಡಬ್ಲ್ಯು.ಸಿ., 19.8 ಕಿಲೋಹರ್ಟ್ಸ್, ಒಂದು ಮೆಗಾವಾಟ್ ಶಕ್ತಿಯದ್ದು. ಅದು 5,700 ಕಿಲೋಮೀಟರ್ ಆಚೆ ಇದ್ದರೂ ನಡುವೆ ಬಹುಪಾಲು ಸಮುದ್ರವೇ ಆದ್ದರಿಂದ ಚೆನ್ನಾಗಿ ಬರುತ್ತದೆ. ಉತ್ತರದಿಂದ ಲೆಕ್ಕ ಹಾಕಿದರೆ ವಿ.ಟಿ.ಎಕ್ಸ್. ನಮಗೆ ಸುಮಾರು 147 ಡಿಗ್ರಿಯಲ್ಲಿ, ಎನ್.ಡಬ್ಲ್ಯು.ಸಿ. 131 ಡಿಗ್ರಿಯಲ್ಲಿ. ಎರಡೂ ಆಗ್ನೇಯದಲ್ಲೇ ಇರುವುದು ಕಾಸರಗೋಡಿನವರ ಪುಣ್ಯ. ಒಂದೇ ಲೂಪ್ ಎರಡಕ್ಕೂ ಆಗುತ್ತದೆ.

ಹಾಗಾಗಿ ಗೆರೆ ಬಿದ್ದಿದೆ ಎಂದಾಗ ಮೊದಲ ಪ್ರಶ್ನೆ ಇದು: ಒಂದು ಬಿದ್ದಿದೆಯೋ, ಎರಡೂ ಬಿದ್ದಿವೆಯೋ? 18.2 ಮಾತ್ರ ನೆಲಕಚ್ಚಿ 19.8 ಎಂದಿನಂತೆ ಇದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ. ಅಲ್ಲಿ ಪ್ರಸಾರ ನಿಲ್ಲಿಸಿದ್ದಾರೆ, ಅಷ್ಟೆ. ಇಂಥ ಕೇಂದ್ರಗಳು ದುರಸ್ತಿಗೆಂದು ಗಂಟೆಗಟ್ಟಲೆ ಸುಮ್ಮನಿರುವುದುಂಟು, ಸೇನೆಯ ಕೇಂದ್ರವಾದ್ದರಿಂದ ಯಾರಿಗೂ ಮುಂಚಿತವಾಗಿ ಹೇಳುವುದಿಲ್ಲ. ಪ್ರಸಾರ ನಿಂತಾಗ ಗೆರೆ ಒಂದೇ ಸಲಕ್ಕೆ ಗೋಡೆಯಂತೆ ನೇರ ಇಳಿಯುತ್ತದೆ, ಶುರುವಾದಾಗ ಹಾಗೆಯೇ ನೇರ ಏರುತ್ತದೆ. ಅಯಾನುಗೋಳ ಹಾಗೆ ಮಾಡುವುದಿಲ್ಲ. ಎರಡೂ ಒಟ್ಟಿಗೆ ಬಿದ್ದಿದ್ದರೆ ದೋಷ ನಿಮ್ಮದೇ, ಮುಂದೆ ಓದಿ.

ನೀವು ಹಿಡಿದಿರುವುದು ನಿಜಕ್ಕೂ ಆ ಕೇಂದ್ರವೇ?

ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ತಿಂಗಳುಗಟ್ಟಲೆ ಪಕ್ಕದ ಮನೆಯ ಚಾರ್ಜರನ್ನು "ವಿ.ಟಿ.ಎಕ್ಸ್." ಎಂದು ದಾಖಲಿಸುವುದು ಬಹಳ ಸುಲಭ. ಕಾರಣ ನಮ್ಮ ಕರೆಂಟಿನ ಲೆಕ್ಕದಲ್ಲೇ ಇದೆ. 50 ಹರ್ಟ್ಸ್‌ನ 364ನೇ ಗುಣಕ ಸರಿಯಾಗಿ 18,200. 396ನೇ ಗುಣಕ ಸರಿಯಾಗಿ 19,800. ಕರೆಂಟಿನ ಕೊಳೆ ಬಂದು ಕೂರುವುದು ನಮಗೆ ಬೇಕಾದ ಜಾಗದಲ್ಲೇ.

ಬೇರ್ಪಡಿಸುವ ಉಪಾಯ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲವಿದೆ ಎಂಬ ನಕ್ಷೆ, ನೋಡುವುದು. ಈ ಕೇಂದ್ರಗಳು ಕಳಿಸುವುದು ಒಂದೇ ಸ್ವರವನ್ನಲ್ಲ. ಸಂದೇಶ ತುಂಬಿರುವುದರಿಂದ ಸಂಕೇತ ಕೆಲವು ನೂರು ಹರ್ಟ್ಸ್ ಅಗಲಕ್ಕೆ ಇಡ್ಲಿಯ ಬೆನ್ನಿನ ಹಾಗೆ ಉಬ್ಬಿರುತ್ತದೆ. ಸೂಜಿಯಂಥ ತೆಳು ಗೆರೆ ಕಂಡರೆ ಅದು ಕೇಂದ್ರವಲ್ಲ. ಆ ಸೂಜಿ ಗಂಟೆಯಿಂದ ಗಂಟೆಗೆ ಹತ್ತಿಪ್ಪತ್ತು ಹರ್ಟ್ಸ್ ಆಚೀಚೆ ಸರಿಯುತ್ತಿದ್ದರೆ ಕರೆಂಟಿನ ಗುಣಕವೆಂದು ಖಚಿತ. ದೇಶದ ವಿದ್ಯುತ್ ಜಾಲದ ಫ್ರೀಕ್ವೆನ್ಸಿ 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. ಆ ಸಣ್ಣ ಅಲುಗಾಟ 364 ಪಟ್ಟಾಗಿ ಇಲ್ಲಿ ಕಾಣುತ್ತದೆ. ಕೇಂದ್ರದ ಉಬ್ಬು ಮಾತ್ರ ಕೂತಲ್ಲಿಂದ ಕದಲುವುದಿಲ್ಲ.

ಇನ್ನೊಂದು ಜಾತಿಯ ಸುಳ್ಳು ಗೆರೆಯೂ ಇದೆ. ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಅಳೆಯುತ್ತಿದೆ ಎಂದುಕೊಳ್ಳಿ. 66.2 ಕಿಲೋಹರ್ಟ್ಸ್‌ನಲ್ಲಿ ಓಡುವ ಒಂದು ಅಗ್ಗದ ಅಡಾಪ್ಟರಿನ ಗಲಾಟೆ, ಕಾರ್ಡಿನ ಸೋಸುವಿಕೆ ಸಾಲದಿದ್ದರೆ, ಮಡಚಿಕೊಂಡು 18.2ರಲ್ಲಿ ಬಂದು ಕೂರುತ್ತದೆ. ಪರೀಕ್ಷೆಗೆ ಕಾಸು ಖರ್ಚಿಲ್ಲ: ಅಳತೆಯ ದರವನ್ನು 96,000ಕ್ಕೆ ಬದಲಿಸಿ. ನಿಜವಾದ ಸಂಕೇತ ಇದ್ದಲ್ಲೇ ಇರುತ್ತದೆ, ಮಡಚಿ ಬಂದದ್ದು ಜಾಗ ಬಿಡುತ್ತದೆ.

ಲೂಪನ್ನು ತಿರುಗಿಸಿ ನೋಡುವ ಪರೀಕ್ಷೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಲೂಪಿನ ಸಮತಲ ಕೇಂದ್ರದ ದಿಕ್ಕಿಗೇ ಚಾಚಿದ್ದರೆ ಸಂಕೇತ ಗರಿಷ್ಠ, ಅದಕ್ಕೆ ಅಡ್ಡವಾಗಿದ್ದರೆ ಕನಿಷ್ಠ. ಫೋನಿನ ದಿಕ್ಸೂಚಿ ಹಿಡಿದು 147 ಡಿಗ್ರಿಗೆ ನಿಲ್ಲಿಸಿ, ಆಮೇಲೆ 90 ಡಿಗ್ರಿ ತಿರುಗಿಸಿ. ವಿ.ಟಿ.ಎಕ್ಸ್. ಮುಕ್ಕಾಲು ಪಾಲು ಮಾಯವಾಗಬೇಕು. ಅಷ್ಟೇ ಅಲ್ಲ, ಈಗ ಲೂಪ್ ಈಶಾನ್ಯದ 57 ಡಿಗ್ರಿಗೆ ಚಾಚಿರುತ್ತದೆ, ಜಪಾನಿನ ಎಬಿನೊದ ಜೆ.ಜೆ.ಐ. ಕೇಂದ್ರ ನಮ್ಮಿಂದ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿದೆ. 22.2 ಕಿಲೋಹರ್ಟ್ಸ್‌ನಲ್ಲಿ ಅದು ತಲೆ ಎತ್ತಿದರೆ ನಿಮ್ಮ ಲೂಪ್ ಆರೋಗ್ಯವಾಗಿದೆ. ಇದನ್ನು ನೋಡಲು ಕಾರ್ಡು 48,000 ದರದಲ್ಲಿರಬೇಕು, 44,100ರಲ್ಲಿ 22.05ಕ್ಕೇ ಮುಗಿದುಹೋಗುತ್ತದೆ.

ಲೂಪನ್ನು ಎತ್ತ ತಿರುಗಿಸಿದರೂ ಗೆರೆ ಅಲುಗದಿದ್ದರೆ? ಆಗ ಸಂಕೇತ ಲೂಪಿನಿಂದ ಬರುತ್ತಲೇ ಇಲ್ಲ. ಕೇಬಲಿನ ಹೊರಕವಚವೇ ಆಂಟೆನಾ ಆಗಿ ಮನೆಯ ಗಲಾಟೆಯನ್ನು ಕುಡಿಯುತ್ತಿದೆ. ಶೀಲ್ಡ್ ಎಲ್ಲೋ ಕಡಿದಿದೆ, ಬಿ.ಎನ್.ಸಿ. ಕನೆಕ್ಟರಿನ ಬೆಸುಗೆ ಬಿಟ್ಟಿದೆ, ಅಥವಾ ಲೂಪಿನ ತಂತಿಯೇ ಒಳಗೆ ಕಡಿದಿದೆ.

ಎರಡೂ ಗೆರೆ ಪೂರ್ತಿ ಇಲ್ಲವಾದಾಗ

ರಾತ್ರಿ ತನಕ ಕಾಯಿರಿ. ಗಂಟೆ ಎಂಟು ಕಳೆದ ಮೇಲೆ ಸೌಂಡ್ ಕಾರ್ಡಿಗೆ ಬರುವುದನ್ನು ಹೆಡ್‌ಫೋನಿನಲ್ಲಿ ಕೇಳಿ. ಚಿಟಪಟದ ನಡುವೆ "ಟ್ವೀಂವ್" ಎಂದು ಜಾರುವ ಸಣ್ಣ ಸದ್ದುಗಳು ಕೇಳಿಸಿದರೆ ಲೂಪ್, ಆಂಪ್ಲಿಫೈಯರ್, ಕೇಬಲ್, ಕಾರ್ಡ್ ಎಲ್ಲವೂ ಜೀವಂತ. ಇವಕ್ಕೆ ಟ್ವೀಕ್ ಎನ್ನುತ್ತಾರೆ. ದೂರದ ಮಿಂಚಿನ ರೇಡಿಯೋ ಅಲೆ ನೆಲಕ್ಕೂ ಅಯಾನುಗೋಳಕ್ಕೂ ನಡುವಿನ ಸಂದಿಯಲ್ಲಿ ಸಾಗಿ ಬರುವಾಗ ಕೆಳಗಿನ ಸ್ವರಗಳು ಹಿಂದೆ ಬೀಳುತ್ತವೆ. ರಾತ್ರಿ ಆ ಮಾಡಿನ ಎತ್ತರ ಸುಮಾರು 85 ಕಿಲೋಮೀಟರ್; ಬೆಳಕಿನ ವೇಗವನ್ನು ಅದರ ಇಮ್ಮಡಿಯಿಂದ ಭಾಗಿಸಿದರೆ 1,760 ಹರ್ಟ್ಸ್‌ನ ಆಸುಪಾಸು, ಟ್ವೀಕಿನ ಬಾಲ ಬಂದು ನಿಲ್ಲುವುದೂ ಅಲ್ಲೇ. ಸ್ಪೆಕ್ಟ್ರಮ್‌ನಲ್ಲಿ ಆ ಬಾಲದ ಜಾಗ ಅಳೆದು ಮಕ್ಕಳಿಂದಲೇ ಅಯಾನುಗೋಳದ ಎತ್ತರ ಲೆಕ್ಕ ಹಾಕಿಸಬಹುದು. ದುರಸ್ತಿಯ ನಡುವೆ ಸಿಗುವ ಈ ಪಾಠವನ್ನು ನಾನಂತೂ ಬಿಡುವುದಿಲ್ಲ. ಹಗಲಿನಲ್ಲಿ ಟ್ವೀಕ್ ಕೇಳಿಸುವುದಿಲ್ಲ, ಅದಕ್ಕೆ ಗಾಬರಿ ಬೇಡ.

ರಾತ್ರಿಯೂ ಬರೀ ಮೌನ, ಇಲ್ಲವೇ ಬರೀ ಗುಂಯ್ ಎಂಬ ಕರೆಂಟಿನ ಸದ್ದು ಎಂದಾದರೆ ಮಲ್ಟಿಮೀಟರ್ ತನ್ನಿ. ಲೂಪನ್ನು ಆಂಪ್ಲಿಫೈಯರಿನಿಂದ ಬಿಡಿಸಿ ಅದರ ರೋಧ ಅಳೆಯಿರಿ. ಒಂದು ಮೀಟರ್ ಚೌಕಕ್ಕೆ 50 ಸುತ್ತು ಎಂದರೆ 200 ಮೀಟರ್ ತಂತಿ, 0.5 ಮಿಲಿಮೀಟರ್ ದಪ್ಪದ ತಾಮ್ರವಾದರೆ 17-18 ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಹತ್ತೋ ಹನ್ನೆರಡೋ ತೋರಿಸಿದರೆ ಇನಾಮೆಲ್ ಸವೆದು ಕೆಲವು ಸುತ್ತುಗಳು ಒಂದಕ್ಕೊಂದು ಮುಟ್ಟಿವೆ. ಚೌಕಟ್ಟಿನ ಮೂಲೆಗಳಲ್ಲಿ ಹುಡುಕಿ, ಗಾಳಿಗೆ ತಂತಿ ಉಜ್ಜುವುದು ಅಲ್ಲೇ.

ಲೂಪ್ ಸರಿಯಿದ್ದರೆ ಆಂಪ್ಲಿಫೈಯರಿಗೆ ಕೃತಕ ಸಂಕೇತ ಕೊಟ್ಟು ನೋಡಿ. ಸ್ವರ ಹುಟ್ಟಿಸುವ ಆ್ಯಪ್ ಫೋನಿಗೆ ಹಾಕಿಕೊಂಡು 18.5 ಕಿಲೋಹರ್ಟ್ಸ್ ಇಡಿ. ಕೇಂದ್ರದ ಜೊತೆ ಗೊಂದಲವಾಗಬಾರದೆಂದು ಸ್ವಲ್ಪ ಬದಿಗೆ. ಹೆಡ್‌ಫೋನ್ ತೂತಿನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಹತ್ತು ಸುತ್ತಿನ ಒಂದು ಸಣ್ಣ ಸುರುಳಿಗೆ ಕೊಟ್ಟು, ಆ ಸುರುಳಿಯನ್ನು ಲೂಪಿನ ಹತ್ತಿರ ಹಿಡಿಯಿರಿ. ಪರದೆಯಲ್ಲಿ ಗೆರೆ ಎದ್ದರೆ ಸರಪಳಿ ಸರಿಯಿದೆ. ಏಳದಿದ್ದರೆ ಆಂಪ್ಲಿಫೈಯರಿನ ಮೊದಲ ಟ್ರಾನ್ಸಿಸ್ಟರಿನ ಮೇಲೆ ಸಂಶಯ ಪಡಿ, ಅದರಲ್ಲೂ ಹಿಂದಿನ ದಿನ ಸಿಡಿಲು ಬಡಿದಿದ್ದರೆ. ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾವರ್ಷದಲ್ಲಿ ಹೋಗುವ ಆಂಪ್ಲಿಫೈಯರುಗಳಿಗೆ ಲೆಕ್ಕವಿಲ್ಲ. ಎಲ್.ಇ.ಡಿ. ಉರಿಯುತ್ತಿರುತ್ತದೆ, ವೋಲ್ಟೇಜ್ ಸರಿಯಾಗೇ ತೋರಿಸುತ್ತದೆ, ಒಳಗೆ ಆ ಟ್ರಾನ್ಸಿಸ್ಟರ್ (ಫೆಟ್) ಸತ್ತಿರುತ್ತದೆ. ದೂರದಲ್ಲಿ ಗುಡುಗಿದ ಸದ್ದು ಕೇಳಿದೊಡನೆ ಕೇಬಲ್ ಕಳಚಿ ಅದರ ತುದಿಯನ್ನು ಮನೆಯ ಹೊರಗೇ ಇಡಿ. ಗುಡುಗು ತಲೆಮೇಲೆ ಬಂದಮೇಲೆ ಕಳಚಲು ಓಡಬೇಡಿ. ಒಂದು ಮಧ್ಯಾಹ್ನದ ದಾಖಲೆ ಹೋದರೆ ಹೋಗಲಿ.

ಮಳೆಗಾಲದ ದೋಷ ನಿಧಾನದ್ದು. ಜೂನಿನಲ್ಲಿ ಚೆನ್ನಾಗಿದ್ದ ಗೆರೆ ಆಗಸ್ಟಿನ ಹೊತ್ತಿಗೆ ದಿನಾ ಕೂದಲೆಳೆಯಷ್ಟು ಇಳಿಯುತ್ತ ಹೋಗುತ್ತದೆ. ಕೋ-ಆಕ್ಸಿಯಲ್ ಕೇಬಲಿನ ಹೆಣಿಗೆಯೊಳಗೆ ನೀರು ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಕನೆಕ್ಟರಿಗೆ ಟೇಪ್ ಸುತ್ತುವಾಗ ಮೇಲಿನಿಂದ ಕೆಳಕ್ಕೆ ಸುತ್ತಿದರೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಮಾಡಿಗೆ ಹಂಚು ಇಡುವ ಕ್ರಮದಲ್ಲೇ ಕೆಳಗಿನಿಂದ ಮೇಲಕ್ಕೆ ಬನ್ನಿ. ಕೆಪಾಸಿಟರ್ ಹಾಕಿ ಲೂಪನ್ನು ಟ್ಯೂನ್ ಮಾಡಿದವರಿಗೆ ಇನ್ನೊಂದು ಕಾಟ: ಒದ್ದೆಯಾದ ಸುತ್ತುಗಳ ನಡುವೆ ಧಾರಕತೆ ಹೆಚ್ಚಿ ಟ್ಯೂನಿಂಗ್ ಕೆಳಗೆ ಸರಿಯುತ್ತದೆ, ಬಿಸಿಲು ಬಂದರೆ ತಾನೇ ಸರಿಹೋಗುತ್ತದೆ. ಮಳೆ ಬಂದಾಗ ಇಳಿದು ಬಿಸಿಲಿಗೆ ಏರುವ ಗೆರೆ ಕಂಡರೆ ಅಯಾನುಗೋಳದ ಹೆಸರು ಎತ್ತಬೇಡಿ. ಆಂಪ್ಲಿಫೈಯರ್ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟುವುದಂತೂ ಇದ್ದದ್ದೇ. ಕೇಬಲ್ ಹೊಗುವ ತೂತಿಗೆ ಮೇಣ ಹಾಕಿ.

ಗೆರೆ ಇದೆ, ಆದರೆ ಹಗಲು ರಾತ್ರಿಗೆ ವ್ಯತ್ಯಾಸವಿಲ್ಲ

ಇದಕ್ಕೆ ಕಾರಣ ಹೆಚ್ಚಾಗಿ ಲ್ಯಾಪ್‌ಟಾಪ್. ಮಾತು ಸ್ಪಷ್ಟವಾಗಿ ಕೇಳಲೆಂದು ಮೈಕಿಗೆ ಹಾಕಿರುವ ಸೌಕರ್ಯಗಳು, ಅಂದರೆ ತಾನೇ ಗೇನ್ ಹೊಂದಿಸುವುದು, ನಾಯ್ಸ್ ಸಪ್ರೆಶನ್, ಎಕೋ ತೆಗೆಯುವುದು, ನಮ್ಮ ಕೆಲಸಕ್ಕೆ ವಿಷ. ಸಂಕೇತ ಏರಿದರೆ ಅವು ತಗ್ಗಿಸುತ್ತವೆ, ಇಳಿದರೆ ಹೆಚ್ಚಿಸುತ್ತವೆ; ಉಳಿಯುವುದು ನೆಟ್ಟನೆಯ ಗೆರೆ. ಗುರುತು ಹಿಡಿಯುವುದು ಹೀಗೆ: ಹತ್ತಿರದ ಮಿಂಚಿನ ಪ್ರತಿ ಸದ್ದಿನ ನಂತರ ಗೆರೆ ಕುಸಿದು ಕೆಲವು ಸೆಕೆಂಡುಗಳಲ್ಲಿ ನಿಧಾನ ಏರುತ್ತದೆ. ಎಲ್ಲವನ್ನೂ ಆಫ್ ಮಾಡಿ. ಸಿಸ್ಟಮ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ನೋಡಿ, ಏಕೆಂದರೆ ಕೇಳದೆಯೇ ಮತ್ತೆ ಆನ್ ಆಗಿರುತ್ತವೆ. ಗೇನ್ ಅತಿಯಾಗಿ ಇಟ್ಟರೂ ಇದೇ ತೊಂದರೆ, ಸಂಕೇತದ ನೆತ್ತಿ ಕತ್ತರಿಸಿಹೋಗುತ್ತದೆ.

ಗೆರೆ ಕುಣಿಯುತ್ತಿದೆ

ಇಲ್ಲಿ ಒಂದೇ ದೊಡ್ಡ ಪರೀಕ್ಷೆ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ಓಡಿಸಿ, ಆಂಪ್ಲಿಫೈಯರಿಗೂ ಬ್ಯಾಟರಿ ಕೊಡಿ, ಮನೆಯ ಮೈನ್ ಸ್ವಿಚ್ ಇಳಿಸಿ. ಇನ್‌ವರ್ಟರನ್ನೂ ಪೂರ್ತಿ ಆಫ್ ಮಾಡಬೇಕು; ಅದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ, ಮೈನ್ ಇಳಿಸಿದೊಡನೆ ಅದು ಎದ್ದು ಎಲ್ಲಕ್ಕಿಂತ ಹೆಚ್ಚು ಗಲಾಟೆ ಮಾಡುತ್ತದೆ. ಈಗ ಗೆರೆ ಶಾಂತವಾದರೆ ಕಳ್ಳ ಮನೆಯೊಳಗಿದ್ದಾನೆ. ಒಂದೊಂದೇ ಫ್ಯೂಸ್ ಏರಿಸುತ್ತ ಬನ್ನಿ. ನನ್ನ ಅನುಭವದಲ್ಲಿ ಮೊದಲ ಸಂಶಯ ಅಗ್ಗದ ಎಲ್.ಇ.ಡಿ. ಬಲ್ಬು, ಆಮೇಲೆ ಇಂಟರ್‌ನೆಟ್ ಡಬ್ಬಿಯ ಅಡಾಪ್ಟರ್.

ಶಾಂತವಾಗದಿದ್ದರೆ ಹೊರಗೆ ಹೊರಡಿ. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಕೇಳಲು ಇಟ್ಟುಕೊಂಡಿದ್ದ ಹಳೇ ಟ್ರಾನ್ಸಿಸ್ಟರ್ ಅಟ್ಟದಲ್ಲಿ ಇದ್ದೀತು, ತೆಗೆಯಿರಿ. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಂದು ನಡೆಯಿರಿ. ಅದರೊಳಗಿನ ಫೆರೈಟ್ ಕೋಲಿಗೂ ದಿಕ್ಕಿನ ಗುಣವಿದೆ. ರೇಡಿಯೋ ತಿರುಗಿಸುತ್ತ ಸದ್ದು ಅಡಗುವ ಕೋನ ಗುರುತು ಹಾಕಿಕೊಂಡರೆ ಗಲಾಟೆಯ ಮೂಲ ಆ ಕೋಲು ಚಾಚಿದ ದಿಕ್ಕಿನಲ್ಲಿದೆ.

ನಮ್ಮ ಊರಿನ ಗಲಾಟೆಗಳಿಗೆ ಅವುಗಳದೇ ತಾಳವಿದೆ. ಸೆಕೆಂಡಿಗೊಮ್ಮೆ ತಪ್ಪದೆ "ಟಕ್" ಎಂದರೆ ಹಂದಿ, ಆನೆ ತಡೆಯಲು ಹಾಕಿದ ಕರೆಂಟಿನ ಬೇಲಿ. ಅಡೂರು, ದೇಲಂಪಾಡಿ ಕಡೆಯ ಕಾಡಂಚಿನವರಿಗೆ ಇದು ಗೊತ್ತಿದ್ದದ್ದೇ. ತಂತಿಗೆ ಹಸಿ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ ಟಕ್ ಜೋರಾಗುತ್ತದೆ. "ಅಣ್ಣಾ, ನಿಮ್ಮ ಬೇಲಿಗೆ ಬಳ್ಳಿ ಹಬ್ಬಿದೆ, ಕರೆಂಟು ಸೋರುತ್ತಿದೆ" ಅಂದರೆ ಅವರೇ ಕತ್ತಿ ಹಿಡಿದು ಬರುತ್ತಾರೆ. ಅಯಾನುಗೋಳದ ಕಥೆ ಹೇಳಬೇಕಾಗಿಲ್ಲ. ಡಿಸೆಂಬರಿನಿಂದ ಮೇ ತನಕ, ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವ ಹೊತ್ತಿಗೆ ಗೆರೆ ಮೆಟ್ಟಿಲಿನಂತೆ ಏರಿ, ಒಂದೆರಡು ಗಂಟೆ ಹಾಗೇ ನಿಂತು, ಮೆಟ್ಟಿಲಿನಂತೆ ಇಳಿದರೆ ಪಂಪು.

ಎಲ್ಲಕ್ಕಿಂತ ಮೋಸ ಮಾಡುವುದು ಮಾಡಿನ ಮೇಲಿನ ಸೋಲಾರ್. ಬೆಳಗ್ಗೆ ಬಿಸಿಲಿನೊಡನೆ ಏರುತ್ತದೆ, ಮಧ್ಯಾಹ್ನ ನೆತ್ತಿಯಲ್ಲಿರುತ್ತದೆ, ಸಂಜೆ ಇಳಿಯುತ್ತದೆ. ಸೂರ್ಯನನ್ನೇ ಅನುಸರಿಸುವ ಈ ಗೆರೆ ನೋಡಿದರೆ ಯಾರಾದರೂ ಡಿ ಪದರವೆಂದೇ ನಂಬುತ್ತಾರೆ. ಅದು ಸೋಲಾರ್ ಇನ್‌ವರ್ಟರಿನ ಗಲಾಟೆ. ಬೇರ್ಪಡಿಸಲು ಮೋಡ ಬರಲಿ. ಮೋಡ ದಾಟುವಾಗ ಗೆರೆ ತಗ್ಗಿದರೆ ಅದು ಮಾಡಿನ ಮೇಲಿನದ್ದು. ಡಿ ಪದರ ಇರುವುದು ಹಗಲು 70 ಕಿಲೋಮೀಟರಿನ ಆಸುಪಾಸಿನಲ್ಲಿ, ಮೋಡ ಅದರ ಎಷ್ಟೋ ಕೆಳಗೆ. ಕೇಂದ್ರದ ಫ್ರೀಕ್ವೆನ್ಸಿಯ ಪಕ್ಕದಲ್ಲಿ, ಉದಾಹರಣೆಗೆ 18.9ರಲ್ಲಿ, ಏನೂ ಇಲ್ಲದ ಜಾಗದ ಮಟ್ಟವನ್ನೂ ಯಾವಾಗಲೂ ದಾಖಲಿಸಿಡಿ. ಅದೂ ಜೊತೆಗೆ ಏರಿದರೆ ಅದು ಗದ್ದಲ, ಸಂಕೇತವಲ್ಲ. ಈ ಒಂದು ಅಭ್ಯಾಸ ಮಾಡಿಕೊಂಡರೆ ಮೇಲಿನ ಅರ್ಧ ಪರೀಕ್ಷೆಗಳು ಬೇಕಾಗುವುದೇ ಇಲ್ಲ.

ಗಡಿಯಾರ

ದಾಖಲೆ ಸರಿಯಿದ್ದು ಸಮಯ ತಪ್ಪಿದರೂ ಅದು ದೋಷವೇ. ಸೂರ್ಯನ ಮಾಹಿತಿ ಎಲ್ಲ ವಿಶ್ವ ಸಮಯದಲ್ಲಿರುತ್ತದೆ, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಗಡಿಯಾರ ನಂಬದಿದ್ದರೆ ಬೆಳಗನ್ನು ಕೇಳಿ. ಎಕ್ಸ್‌ಮೌತ್‌ನಲ್ಲಿ ಸೂರ್ಯ ಮೂಡುವುದು ವಿಷುವದ ದಿನಗಳಲ್ಲಿ ನಮ್ಮ ಗಡಿಯಾರದ ಪ್ರಕಾರ ನಸುಕಿನ ನಾಲ್ಕರ ಸುಮಾರಿಗೆ, ಇಲ್ಲಿ ಆರೂವರೆಗೆ. ಆ ಎರಡೂವರೆ ಗಂಟೆ ಬೆಳಕಿನ ಅಂಚು ದಾರಿಯುದ್ದಕ್ಕೂ ನಮ್ಮತ್ತ ಸರಿದು ಬರುವಾಗ 19.8ರ ಗೆರೆಯಲ್ಲಿ ತಗ್ಗುಗಳು ಬೀಳುತ್ತವೆ. ವಿ.ಟಿ.ಎಕ್ಸ್. ದಾರಿಯಲ್ಲಿ ಅದೇ ಅಂಚು ಹತ್ತು ಹನ್ನೆರಡು ನಿಮಿಷದಲ್ಲಿ ದಾಟುತ್ತದೆ. ಹಾಗಾಗಿ 18.2ರ ಬೆಳಗಿನ ಬದಲಾವಣೆ ಗಡಿಬಿಡಿಯದ್ದು, 19.8ರದ್ದು ಉದ್ದದ್ದು. ಎರಡೂ ಒಂದೇ ರೀತಿ ಕಂಡರೆ ಎರಡು ಚಾನೆಲ್‌ಗಳಲ್ಲೂ ಒಂದನ್ನೇ ಹಾಕಿದ್ದೀರಿ.

ಇನ್ನು ಆಕಾಶ

ಇಷ್ಟೆಲ್ಲ ದಾಟಿ ಬಂದ ಏರಿಳಿತವನ್ನು ಗೌರವದಿಂದ ನೋಡಬಹುದು. ಸೌರಜ್ವಾಲೆಯ ಎಕ್ಸ್ ಕಿರಣ ಡಿ ಪದರಕ್ಕೆ ಬಡಿದಾಗ ಗೆರೆ ಕೆಲವೇ ನಿಮಿಷಗಳಲ್ಲಿ ಬದಲಾಗಿ, ಮರಳುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ತೆಗೆದುಕೊಳ್ಳುತ್ತದೆ. ಮೇಲೆಯೇ ಹೋಗಬೇಕೆಂದಿಲ್ಲ. 550 ಕಿಲೋಮೀಟರಿನಂಥ ಹತ್ತಿರದ ದಾರಿಯಲ್ಲಿ ನೆಲದ ಅಲೆಯೂ ಮೇಲಿನಿಂದ ಬಂದ ಅಲೆಯೂ ಕೂಡುವುದರಿಂದ ಕೆಳಗೂ ಬೀಳಬಹುದು. ಅಮೆರಿಕದ ಗೋಸ್ (GOES) ಹವಾಮಾನ ಉಪಗ್ರಹಗಳ ಎಕ್ಸ್ ಕಿರಣದ ನಕ್ಷೆಯೊಡನೆ ಹೋಲಿಸಿ. ನಿಮ್ಮ ಶಿಖರ ಅದರ ಶಿಖರಕ್ಕಿಂತ ಕೆಲವು ನಿಮಿಷ ತಡವಾಗಿ ಬರಬೇಕು. ಅಯಾನುಗೋಳದ ಈ ಸೋಮಾರಿತನವನ್ನು ಭೌತವಿಜ್ಞಾನಿ ಆಪಲ್ಟನ್ 1950ರ ದಶಕದಲ್ಲೇ ವಿವರಿಸಿದ್ದರು. ನಿಮ್ಮ ಶಿಖರ ಮೊದಲೇ ಬಂದಿದ್ದರೆ ಗಡಿಯಾರ ತಪ್ಪಿದೆ, ಅಥವಾ ಅದು ಜ್ವಾಲೆಯಲ್ಲ.

ಗ್ರಹಣದ ಗುರುತು ಬೇರೆ. 2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ ಜನ ಕಂಕಣ ಸೂರ್ಯನನ್ನು ನೋಡಲು ಸೇರಿದ್ದರಲ್ಲ, ಬೆಳಗ್ಗೆ ಎಂಟರ ಹೊತ್ತಿಗೆ ಹಿಡಿದು ಹನ್ನೊಂದು ಕಳೆದ ಮೇಲೆ ಬಿಟ್ಟದ್ದು. ಅಂಥ ದಿನ ನಿರೀಕ್ಷಿಸಬೇಕಾದದ್ದು ಮೂರು ಗಂಟೆಯ ನಿಧಾನದ ಬಾಗು, ಚೂಪು ಶಿಖರವಲ್ಲ.

ಜ್ವಾಲೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಆಗ ದಾರಿಯ ಮೇಲೆ ಬಿಸಿಲಿತ್ತೇ ಎನ್ನುವುದು ಮುಖ್ಯ. 2024ರ ಅಕ್ಟೋಬರ್ 3ರ ಎಕ್ಸ್ 9.0 ಜ್ವಾಲೆ (ಎಕ್ಸ್ ಎಂದರೆ ಜ್ವಾಲೆಗಳಲ್ಲಿ ಎಲ್ಲಕ್ಕಿಂತ ಬಲವಾದ ವರ್ಗ) ಶಿಖರ ಮುಟ್ಟಿದ್ದು ನಮ್ಮ ಸಂಜೆ 5:48ಕ್ಕೆ. ಇಲ್ಲಿ ಸೂರ್ಯಾಸ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು, ಆಸ್ಟ್ರೇಲಿಯಾದ ತುದಿಯಲ್ಲಿ ಆಗಲೇ ಕತ್ತಲು. ಆ ದಿನದ ದಾಖಲೆ ಇದ್ದವರು ತೆಗೆದು ನೋಡಿ, 18.2ರಲ್ಲಿ ಗುರುತು ಹುಡುಕುವುದು ನ್ಯಾಯ, 19.8ರಲ್ಲಿ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಅದೇ ವರ್ಷದ ಮೇ 14ರ ಎಕ್ಸ್ 8.7 ಜ್ವಾಲೆಯಾದರೋ ರಾತ್ರಿ 10:21ಕ್ಕೆ ಬಂದದ್ದು, ಭೂಮಿಯ ನಮ್ಮ ಮಗ್ಗುಲಿಗೆ ಅದು ತಲುಪುವಂತೆಯೇ ಇರಲಿಲ್ಲ. ಆ ಹೊತ್ತಿಗೆ ನಿಮ್ಮ ಗೆರೆಯಲ್ಲಿ ಏನಾದರೂ ಎದ್ದು ನಿಂತಿದ್ದರೆ, ಆಗ ಕರೆಂಟು ಹೋಗಿ ಇನ್‌ವರ್ಟರ್ ಓಡುತ್ತಿತ್ತೇ ಎಂದು ಮನೆಯಲ್ಲಿ ವಿಚಾರಿಸಿ.